ಅಕ್ಕನ ಹರಕೆ, ನನ್ನ ಗಿಡ್ಡ ತೇರ್ಸ್

ನನ್ನ ಅಕ್ಕ ಆರು ವರ್ಷ ಮೀನು ತಿನ್ನಲಿಲ್ಲ. ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಬಾಗಿಲು ಹಾಕಿಕೊಂಡರೂ ಬಂಗುಡೆಯ ವಾಸನೆ ಒಳಗೆ ಬಂದು ಕೂರುತ್ತಿತ್ತು. ಅಂಥ ಊರಿನ ಕ್ರಿಸ್ತುವರ ಮನೆಯಲ್ಲಿ ಹುಟ್ಟಿದ ಹುಡುಗಿ ಆರು ವರ್ಷ ಮೀನು ಮುಟ್ಟದೆ ಬದುಕಿದಳು ಎಂದರೆ ಹೊರಗಿನವರಿಗೆ ಅದು ದೊಡ್ಡ ವಿಷಯವೆಂದು ಅನಿಸಲಿಕ್ಕಿಲ್ಲ. ನಮ್ಮವರಿಗೆ ಹೇಳಿದರೆ ಮೊದಲು ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ, ಆಮೇಲೆ “ಯಾವ ಡಾಕ್ಟರಿಗೆ ತೋರಿಸಿದ್ರಿ?” ಎಂದು ಕೇಳುತ್ತಾರೆ.

ಆ ಆರು ವರ್ಷಗಳಿಗೆ ಕಾರಣ ಅವಳ ನಂಬಿಕೆ. ಅದರಲ್ಲಿ ನನ್ನ ಕಳ್ಳತನದ ಪಾಲೂ ಉಂಟು. ನಾನು ಓದಿದ್ದು ಏಳನೆಯ ಕ್ಲಾಸಿನವರೆಗೆ. ಆದರೂ ಈ ಒಂದು ವಿಷಯವನ್ನು ನಾನೇ ಬರೆಯಬೇಕು, ಬೇರೆಯವರು ಬರೆದರೆ ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ.

ಪಪ್ಪ ಟೈಲರ್. ಪೇಟೆಯಲ್ಲಿ ಒಂದೇ ಮೆಶಿನಿನ ಅಂಗಡಿ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಮಳೆಗಾಲ ಮುಗಿದ ಮೇಲೆ, ಅವರು ಗುಂಡಿ ನೂಲು ತರಲು ಉಡುಪಿಗೆ ಹೋದರು. ಬಸ್ಸು ನಿಲ್ಲುವ ಮೊದಲೇ ಇಳಿಯುವುದು ಅವರ ಅಭ್ಯಾಸ. ಅವತ್ತು ಬಸ್ಸು ನಿಲ್ಲಲೇ ಇಲ್ಲ. ತೊಡೆಯ ಮೂಳೆ ಮುರಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿಸಿ, ಕಾಲಿಗೆ ಹಗ್ಗ ಕಟ್ಟಿ, ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಕೆಳಗೆ ಮರಳಿನ ಚೀಲ ತೂಗುಹಾಕಿದರು. ಮೂರು ತಿಂಗಳು ಆ ಚೀಲ ಪಪ್ಪನ ಕಾಲನ್ನು ಎಳೆಯುತ್ತಾ ಇರಬೇಕಂತೆ. ಅಮ್ಮ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಲ್ಲೇ ಉಳಿದಳು. ಡಾಕ್ಟರಿಕೆ ಕಲಿಯುವ ಹುಡುಗರು ದಿನಕ್ಕೆರಡು ಸಲ ಪಪ್ಪನ ಸುತ್ತ ನಿಂತು ಇಂಗ್ಲಿಷಿನಲ್ಲಿ ಮಾತಾಡಿ ಹೋಗುತ್ತಿದ್ದರು. ಅವರು ಪಪ್ಪನ ಕಾಲು ನೋಡುವಾಗ ಪಪ್ಪ ಅವರ ಪ್ಯಾಂಟು ನೋಡುತ್ತಿದ್ದರು.

“ಇಷ್ಟು ಓದಿದ್ದಾರೆ, ಒಬ್ಬನ ಪ್ಯಾಂಟಾದ್ರೂ ಸೊಂಟದಲ್ಲಿ ನಿಲ್ತದಾ ನೋಡು,” ಎಂದು ನನಗೆ ತೋರಿಸಿದ್ದರು.

ಮನೆಯಲ್ಲಿ ಉಳಿದವರು ಕಿವಿ ಕೇಳದ ಅಜ್ಜಿ, ಹದಿನೆಂಟರ ಅಕ್ಕ, ಹದಿಮೂರರ ನಾನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅಕ್ಕನಿಗೆ ಟೀಚರ್ ತರಬೇತಿಗೆ ಸೀಟು ಸಿಕ್ಕಿತ್ತು. ಅವಳು ಅದನ್ನು ಬಿಟ್ಟು ಗೇರುಬೀಜದ ಕಾರ್ಖಾನೆಗೆ ಸೇರಿದಳು. ನಾನು ಶಾಲೆ ಬಿಟ್ಟು ಅಡುಗೆಗೆ ಸೇರಿದೆ. ಅವಳಿಗೆ ಅದು ತ್ಯಾಗ, ನನಗೆ ಗಣಿತದಿಂದ ಬಿಡುಗಡೆ. ಅಕ್ಕ ಬೆಳಿಗ್ಗೆ ಐದೂವರೆಗೆ ಹೊರಡುತ್ತಿದ್ದಳು. ಸಂಜೆ ಕಾರ್ಖಾನೆಯಿಂದ ನೇರ ಮಣಿಪಾಲಕ್ಕೆ ಹೋಗಿ, ಪಪ್ಪನಿಗೆ ಗಂಜಿ ಕುಡಿಸಿ, ಎಂಟೂವರೆಗೆ ಮನೆ ಸೇರುತ್ತಿದ್ದಳು. ಗೇರುಸಿಪ್ಪೆಯ ಎಣ್ಣೆಯಿಂದ ಅವಳ ಬೆರಳುಗಳು ಕಪ್ಪಾಗಿ ಸುಲಿದಿದ್ದವು.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳು ನನ್ನನ್ನು ಹತ್ತಿರ ಕರೆದಳು.

“ನಾನೊಂದು ಹರಕೆ ಹೇಳಿದ್ದೇನೆ. ಯಾರಿಗೂ ಹೇಳ್ಬೇಡ.”

“ಎಂತ ಹರಕೆ?”

“ಪಪ್ಪ ಮನೆಗೆ ಬರುವವರೆಗೆ ಈ ಮನೆಯಲ್ಲಿ ತೇರ್ಸ್ ಒಂದು ದಿನವೂ ತಪ್ಪಬಾರದು. ಪೂರ್ತಿ ಹೇಳ್ಬೇಕು, ಮೊಣಕಾಲೂರಿ. ನಾನು ಬರುವಾಗ ತಡ ಆಗ್ತದೆ, ಅದಕ್ಕೆ ನೀನು ಹೇಳು. ನಾನು ಬಸ್ಸಿನಲ್ಲಿ ಹೇಳ್ತೇನೆ. ಮತ್ತೆ, ಪಪ್ಪ ಕೋಲಿಲ್ಲದೆ ನಡೆಯುವವರೆಗೆ ನಾನು ಮೀನು ಮುಟ್ಟುವುದಿಲ್ಲ.”

“ಅಮ್ಮನಿಗೆ ಹೇಳುವಾ?”

“ಬೇಡ. ಊರಿಗೆಲ್ಲ ಹೇಳಿಕೊಂಡು ತಿರುಗಿದ್ರೆ ಅದು ಹರಕೆ ಅಲ್ಲ, ಬ್ಯಾಂಡು ವಾಲಗ.”

ತೇರ್ಸ್ ಎಂದರೆ ನಮ್ಮ ಸಂಜೆಯ ಜಪಮಾಲೆ. ಹತ್ತು ಹತ್ತರಂತೆ ಐದು ಸುತ್ತು ‘ನಮಾನ್ ಮರಿಯೆ’, ಮೇಲೆ ಸಂತರ ಹೆಸರುಗಳ ಉದ್ದನೆಯ ಪಟ್ಟಿ, ಸತ್ತವರಿಗೊಂದು, ಕಾಯಿಲೆಯವರಿಗೊಂದು, ಕೊನೆಗೊಂದು ಹಾಡು. ಒಬ್ಬರು ಅರ್ಧ ಹೇಳಬೇಕು, ಉಳಿದವರು ಉಳಿದರ್ಧ ಹೇಳಬೇಕು. ಎಲ್ಲ ಸೇರಿ ಮುಕ್ಕಾಲು ಗಂಟೆ.

ಮೊದಲ ಕೆಲವು ವಾರ ನಾನು ಸಂತಳಂತೆ ಹೇಳಿದೆ. ಆಮೇಲೆ ಪಪ್ಪನ ಅಂಗಡಿ ಗುಡಿಸಲು ಹೋದಾಗ ಗಿರಾಕಿಗಳು ಬಿಟ್ಟುಹೋದ ವಾರಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು. ಅದರಲ್ಲಿ ಒಂದು ಧಾರಾವಾಹಿ. ಒಬ್ಬಳು ಬಡ ನರ್ಸು, ಒಬ್ಬ ಶ್ರೀಮಂತ ರೋಗಿ. ಪ್ರತಿ ವಾರ ಕೊನೆಯ ಸಾಲಿನಲ್ಲಿ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ನನಗೆ ಓದಲು ಹಗಲು ಪುರುಸೊತ್ತಿಲ್ಲ. ಸಂಜೆ ಇದ್ದದ್ದು ಒಂದೇ ದೀಪ, ಸೀಮೆಎಣ್ಣೆಗೆ ಆಗ ರೇಶನ್. ತೇರ್ಸ್‌ಗೂ ಊಟಕ್ಕೂ ಸಾಕಾಗುವಷ್ಟೇ ಎಣ್ಣೆಯನ್ನು ಅಕ್ಕ ಬೆಳಿಗ್ಗೆ ದೀಪಕ್ಕೆ ಹಾಕಿ ಹೋಗುತ್ತಿದ್ದಳು. ನರ್ಸಿಗೆ ಎಣ್ಣೆ ಉಳಿಯಬೇಕಾದರೆ ತೇರ್ಸ್ ಗಿಡ್ಡವಾಗಬೇಕಿತ್ತು.

ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ನನ್ನ ತುಟಿ ನೋಡಿಕೊಂಡು ತನ್ನ ಪಾಲಿನ ಅರ್ಧ ಹೇಳುತ್ತಿದ್ದಳು. ಎರಡನೆಯ ಸುತ್ತು ಮುಗಿಯುವಾಗ ಅವಳ ತಲೆ ತೂಗಲು ಶುರುವಾಗುತ್ತಿತ್ತು. ಮೂರನೆಯದಕ್ಕೆ ಗಲ್ಲ ಎದೆಗೆ ತಾಗುತ್ತಿತ್ತು. ಆಗ ನಾನು ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಜಪಮಾಲೆಯ ಮಣಿಗಳನ್ನು ಸರಸರ ಮುಂದಕ್ಕೆ ಎಳೆದು, ಕೊನೆಯ ಮಣಿಯ ಮೇಲೆ ಅವಳ ಬೆರಳು ಇಟ್ಟು, ಭುಜ ಅಲ್ಲಾಡಿಸುತ್ತಿದ್ದೆ. ಅಜ್ಜಿ ಕಣ್ಣು ಬಿಟ್ಟು ಬೆರಳಿನ ಕೆಳಗೆ ಕೊನೆಯ ಮಣಿ ಇರುವುದನ್ನು ನೋಡಿ, “ಇವತ್ತು ಬೇಗ ಮುಗೀತಲ್ಲ, ದೇವರು ದೊಡ್ಡವನು,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತಿದ್ದಳು. ಆ ಆಶೀರ್ವಾದ ತೆಗೆದುಕೊಂಡು ನಾನು ನರ್ಸಿನ ಹತ್ತಿರ ಹೋಗುತ್ತಿದ್ದೆ.

ಹೀಗೆ ಮೂವತ್ತೆಂಟು ದಿನ.

ಸಿಕ್ಕಿಬಿದ್ದದ್ದು ನೆರೆಮನೆಯ ಅನ್ನದಿಂದ. ಪಕ್ಕದ ಮನೆಯಾಕೆ ತುಳು ಮಾತಾಡುವ ಹಿಂದೂ ಹೆಂಗಸು, ನಾವು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆವು. ಅವರ ಮನೆಯಲ್ಲಿ ಗಡಿಯಾರ ಇರಲಿಲ್ಲ. ನಮ್ಮ ತೇರ್ಸ್‌ನ ಮೊದಲ ಸಾಲು ಕೇಳಿದ ಕೂಡಲೇ ಕುದಿಯುವ ನೀರಿಗೆ ಕುಚ್ಚಲಕ್ಕಿ ಹಾಕುವುದು, ಕೊನೆಯ ಹಾಡು ಕೇಳಿದಾಗ ಇಳಿಸಿ ಬಸಿಯುವುದು. ಮದುವೆಯಾಗಿ ಬಂದಂದಿನಿಂದ ಅವರ ಅನ್ನ ಬೆಂದದ್ದು ನಮ್ಮ ದೇವರ ಲೆಕ್ಕದಲ್ಲಿ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಈಗ ಅನ್ನ ಬೇಯುವುದು ನಿಂತುಹೋಯಿತು. ದೊಡ್ಡಮ್ಮ ಮೊದಲು ಸೌದೆಯನ್ನು ಬೈದರು. ಆಮೇಲೆ ಪಾತ್ರೆ ಬದಲಿಸಿದರು. ಗಂಡ ಮೂರು ದಿನ ಹೊಟ್ಟೆ ಹಿಡಿದುಕೊಂಡು ಓಡಾಡಿದ ಮೇಲೆ, ಅಕ್ಕಿಯ ಚೀಲ ಹೊತ್ತು ಅಂಗಡಿಗೆ ಹೋಗಿ ಜಗಳಕ್ಕೆ ನಿಂತರು. ಅಂಗಡಿ ಒಬ್ಬ ಬ್ಯಾರಿಯವರದ್ದು, ಊರಿಗೆಲ್ಲ ಅವರು ಕಾಕ.

“ಕಾಕಾ, ಇದು ಅಕ್ಕಿಯಾ, ಜಲ್ಲಿಯಾ? ರಸ್ತೆಗೆ ಹಾಕ್ಲಿಕ್ಕೆ ತಂದದ್ದನ್ನು ನಮಗೆ ಕೊಟ್ಟಿದ್ದಾ?”

“ಅಲ್ಲಾ, ದೇವರಾಣೆ ಒಳ್ಳೆ ಅಕ್ಕಿ! ನಮ್ಮ ಮನೆಯಲ್ಲಿಯೂ ಇದೇ ಬೇಯಿಸುದು. ನೀವು ಎಷ್ಟು ಹೊತ್ತು ಬೇಯಿಸ್ತೀರಿ?”

“ಯಾವಾಗಿನ ಹಾಗೆ. ಪೊರ್ಬುಗಳ ಮನೆಯ ಪ್ರಾರ್ಥನೆ ಮುಗಿಯುವಷ್ಟು ಹೊತ್ತು.”

ನಮ್ಮನ್ನು ತುಳುವಿನಲ್ಲಿ ಪೊರ್ಬು ಎನ್ನುತ್ತಾರೆ. ಕಾಕ ಬುದ್ಧಿವಂತರು. ಮರುದಿನ ಸಂಜೆಯ ನಮಾಜು ಮುಗಿಸಿ, ತಮ್ಮನು ದುಬೈಯಿಂದ ತಂದುಕೊಟ್ಟ ವಾಚನ್ನು ಕಟ್ಟಿಕೊಂಡು, ದೊಡ್ಡಮ್ಮನ ಜಗಲಿಯಲ್ಲಿ ಕೂತರು. ನಾನು ತೇರ್ಸ್ ಶುರು ಮಾಡಿದೆ. ದೊಡ್ಡಮ್ಮ ಅಕ್ಕಿ ಹಾಕಿದರು. ಕಾಕ ವಾಚು ನೋಡಿದರು. ನಾನು ಕೊನೆಯ ಹಾಡು ಹಾಡಿದೆ. ಕಾಕ ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿದರು.

ಆಮೇಲೆ ಇಬ್ಬರೂ ಬೇಲಿಯ ಹತ್ತಿರ ಬಂದರು. ನಾನು ದೀಪದ ಹತ್ತಿರ ಪತ್ರಿಕೆ ಹಿಡಿದು ಕೂತಿದ್ದೆ.

“ಎಂತ ಮಾರಾಯ್ತಿ,” ಎಂದರು ಕಾಕ, “ನಿಮ್ಮ ಪ್ರಾರ್ಥನೆಗೂ ರೇಶನ್ ಬಂತಾ? ಹದಿನೆಂಟೇ ನಿಮಿಷ! ನಾನು ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೇಳಿದ್ದೇನೆ, ಆ ಮೂರನೇ ಸುತ್ತಿನಲ್ಲಿ ನಿನ್ನ ಅಪ್ಪ ಒಂದು ಸಲ ಕೆಮ್ಮುತ್ತಾರೆ. ಆ ಮೂರನೇ ಸುತ್ತು ಎಲ್ಲಿ ಹೋಯ್ತು?”

ನಮ್ಮ ತೇರ್ಸ್ ಗಿಡ್ಡವಾದದ್ದು ಒಬ್ಬ ಹಿಂದೂವಿಗೂ ಒಬ್ಬ ಮುಸ್ಲಿಮನಿಗೂ ಗೊತ್ತಾಗಿತ್ತು. ಮನೆಯೊಳಗೆ ಕೂತಿದ್ದ ಕ್ರಿಸ್ತುವಳಾದ ಅಜ್ಜಿಗೆ ಗೊತ್ತಾಗಿರಲಿಲ್ಲ.

ಕಾಕ ಯಾರಿಗೂ ಹೇಳಲಿಲ್ಲ. ದೊಡ್ಡಮ್ಮ ಹೇಳಿದರು. ಚಾಡಿಯಾಗಿ ಅಲ್ಲ, ಅವರಿಗೆ ಅನ್ನ ಬೇಯಬೇಕಿತ್ತು. ಬೆಳಿಗ್ಗೆ ಬಸ್ಸಿಗೆ ಹೊರಟ ಅಕ್ಕನನ್ನು ತಡೆದು, “ತಂಗಿಗೆ ಗಂಟಲು ನೋವಾ ಮಗಾ? ಪ್ರಾರ್ಥನೆ ಅರ್ಧಕ್ಕೇ ನಿಲ್ತದೆ,” ಎಂದರು. ಅಕ್ಕ ಚೀಲ ಹಿಡಿದುಕೊಂಡೇ ವಾಪಸ್ಸು ಒಳಗೆ ಬಂದಳು. ನಾನು ಒಲೆ ಊದುತ್ತಿದ್ದೆ.

“ಎಷ್ಟು ದಿನ ಬಿಟ್ಟಿದ್ದೀ?”

ಅವಳ ಮುಖ ನೋಡಿ ನನ್ನ ಬಾಯಿಂದ ಮೂವತ್ತೆಂಟು ಬರಲಿಲ್ಲ. “ಎರಡು ದಿನ,” ಎಂದೆ.

“ದೊಡ್ಡಮ್ಮ ತುಂಬಾ ದಿನದಿಂದ ಅಂದ ಹಾಗಿತ್ತು.”

“ದೊಡ್ಡಮ್ಮ ಒಂದನ್ನು ಹತ್ತು ಮಾಡುದು ನಿನಗೆ ಗೊತ್ತಿಲ್ವಾ?”

ಅಕ್ಕ ನಂಬಿದಳು. ಅವಳು ನಂಬಲು ಹುಟ್ಟಿದವಳು. ಬೈಯಲಿಲ್ಲ. ಮರುದಿನದಿಂದ ಅರ್ಧ ಗಂಟೆ ಮೊದಲೇ ಎದ್ದು, ನಾಲ್ಕು ದಿನ, ನಾನು ಬಿಟ್ಟ ಸುತ್ತುಗಳನ್ನು ತಾನೇ ಹೇಳಿ ಮುಗಿಸಿದಳು. ಮೊದಲೆರಡು ಬೆಳಿಗ್ಗೆ ನಾನು ಬಿಟ್ಟದ್ದಕ್ಕೆ, ಮತ್ತೆರಡು ನನ್ನನ್ನು ಒಬ್ಬಳೇ ಬಿಟ್ಟು ಹೋದ ತನ್ನ ತಪ್ಪಿಗೆ. ನಾನು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಸುಲಿದ ಬೆರಳುಗಳಿಂದ ಅವಳು ಹಿಡಿಯುತ್ತಿದ್ದ ಮಣಿಗಳು ಕಪ್ಪಾಗಿದ್ದವು. ಎದ್ದು ಹೇಳಿಬಿಡೋಣ ಎನಿಸಿತು. ಮೂವತ್ತೆಂಟು ಎಂದರೆ ಅವಳು ಮೂವತ್ತೆಂಟೂ ಬೆಳಿಗ್ಗೆ ಏಳುತ್ತಾಳೆ. ಅವಳ ನಿದ್ರೆ ಉಳಿಸಲು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಿಗೆ ಎಷ್ಟು ಒಳ್ಳೆಯ ಬಟ್ಟೆ ಹೊಲಿಯಬಹುದೆಂದು ಟೈಲರನ ಮಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ದಿನದಿಂದ ತೇರ್ಸ್ ಪೂರ್ತಿ ನಡೆಯಿತು, ದೊಡ್ಡಮ್ಮನ ಅನ್ನ ಬೆಂದಿತು. ಮೂರು ತಿಂಗಳಾದ ಮೇಲೆ ಪಪ್ಪ ಮನೆಗೆ ಬಂದರು. ಕಂಕುಳಲ್ಲಿ ಊರುಗೋಲು, ಮುಖದಲ್ಲಿ ನಗು. ಅಂಗಳದಲ್ಲಿ ಎಲ್ಲರ ಎದುರು ಅಮ್ಮ ಹೇಳಿದಳು: “ಮೂಳೆ ಕೂಡಿದೆಯಂತೆ. ಕಾಲು ಮಾತ್ರ ಒಂದು ಇಂಚು ಗಿಡ್ಡ ಆಗಿದೆಯಂತೆ.”

ಗಿಡ್ಡ ತೇರ್ಸ್, ಗಿಡ್ಡ ಕಾಲು. ದೇವರು ಇಷ್ಟು ಕರಾರುವಾಕ್ಕಾಗಿ ಅಳೆದು ಕತ್ತರಿಸುತ್ತಾನೆಂದು ನಾನು ಎಣಿಸಿರಲಿಲ್ಲ. ಪಪ್ಪನ ಕತ್ತರಿಯೂ ಅಷ್ಟು ನೇರ ಹೋಗುತ್ತಿರಲಿಲ್ಲ.

ಪಪ್ಪನಿಗೆ ಬೇಸರವೇ ಆಗಲಿಲ್ಲ. ತಮ್ಮ ಎಲ್ಲ ಪ್ಯಾಂಟುಗಳ ಎಡಗಾಲನ್ನು ಒಂದು ಇಂಚು ಮಡಚಿ ಹೊಲಿದುಕೊಂಡರು. ಆರು ತಿಂಗಳಲ್ಲಿ ಊರುಗೋಲು ಹೋಗಿ ಕೈಗೋಲು ಬಂತು. ಅಕ್ಕ ಮಾತ್ರ ಆ ಕಾಲನ್ನು ನೋಡುವಾಗಲೆಲ್ಲ ತುಟಿ ಕಚ್ಚಿಕೊಳ್ಳುತ್ತಿದ್ದಳು. ಒಂದು ದಿನ ನನ್ನೊಡನೆ ಹೇಳಿದಳು: “ನನ್ನಿಂದಲೇ ಎಂತದೋ ತಪ್ಪಿದೆ. ಬಸ್ಸಿನಲ್ಲಿ ತೇರ್ಸ್ ಹೇಳುವಾಗ ಕೆಲವು ಸಲ ನಿದ್ರೆ ಬರ್ತಿತ್ತು.”

ಆಗಲಾದರೂ ಹೇಳಬೇಕಿತ್ತು. ನಾನು, “ಇರಬಹುದು,” ಎಂದೆ.

ಈ ‘ಇರಬಹುದು’ ನನ್ನನ್ನು ಬಿಡಲಿಲ್ಲ. ನಮ್ಮ ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋಗಿ, ಜಾಲರಿಯ ಆಚೆ ಕೂತ ಪಾದ್ರಿಗಳಿಗೆ ಎಲ್ಲ ಹೇಳಿದೆ. ಅವರು ಕೆಮ್ಮಿ, “ದೇವರು ಕ್ಷಮಿಸುತ್ತಾನೆ. ನೀನು ಹೋಗಿ ಅಕ್ಕನಿಗೆ ಹೇಳು,” ಎಂದರು. ನನಗೆ ಬೇಕಾದದ್ದು ಮೊದಲ ವಾಕ್ಯ ಮಾತ್ರ. ಬೇರೆ ಪಾದ್ರಿಗಳು ಬೇರೆ ಶಿಕ್ಷೆ ಕೊಡಬಹುದೆಂದು ಉಡುಪಿಗೆ ಹೋದೆ. ಅವರೂ ಅದನ್ನೇ ಹೇಳಿದರು. ಕಾರ್ಕಳದ ಕಡೆಯ ಇಗರ್ಜಿಯ ಹಬ್ಬಕ್ಕೆ ಬಹಳ ಪಾದ್ರಿಗಳು ಬರುತ್ತಾರೆ, ಅಷ್ಟು ಜನರಲ್ಲಿ ಒಬ್ಬರಾದರೂ ಮೆದು ಇರಬಹುದೆಂದು ಎರಡು ಬಸ್ಸು ಹತ್ತಿ ಅಲ್ಲಿಗೂ ಹೋದೆ. ಮುಖ ಕಾಣದ ಜಾಲರಿ ಹುಡುಕಿ ಮೊಣಕಾಲೂರಿ ಎಲ್ಲ ಹೇಳಿದೆ. ಆಚೆಯಿಂದ ಒಂದು ಕೆಮ್ಮು ಕೇಳಿತು. ಆ ಕೆಮ್ಮು ನನಗೆ ಗೊತ್ತಿತ್ತು. ಹಬ್ಬಕ್ಕೆ ಸಹಾಯ ಮಾಡಲು ನಮ್ಮೂರಿನ ಪಾದ್ರಿಗಳೂ ಬಂದಿದ್ದರು.

“ಅಕ್ಕ ಎಲ್ಲಿದ್ದಾಳೆ ಮಗಳೇ?” ಎಂದು ಕೇಳಿದರು, ಮೊದಲ ಸಲ ಕೇಳುವವರಂತೆ.

“ಮನೆಯಲ್ಲಿ ಫಾದರ್.”

“ಮನೆಯ ಅಡುಗೆಕೋಣೆ ಕಾರ್ಕಳಕ್ಕಿಂತ ದೂರವಾ?”

ನಾನು ಶಿಲುಬೆಯ ಗುರುತು ಹಾಕಿಕೊಂಡು ಎದ್ದುಬಂದೆ.

ಇಷ್ಟರಲ್ಲಿ ನನಗೆ ಬೇರೆ ಉಪಾಯ ಹೊಳೆಯಿತು. ಪಪ್ಪ ಕೋಲು ಬಿಟ್ಟರೆ ಅಕ್ಕ ಮೀನು ತಿನ್ನಬಹುದು, ಆಗ ನಾನು ಏನೂ ಹೇಳಬೇಕಾಗಿಲ್ಲ. ಆದರೆ ಪಪ್ಪನಿಗೆ ಕೋಲು ರುಚಿ ಹಿಡಿದಿತ್ತು. ಹತ್ತು ಹೆಜ್ಜೆ ಅವರು ಕೋಲಿಲ್ಲದೆ ನಡೆಯಬಲ್ಲರು, ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವಾಗ ನಾನೇ ಕಂಡಿದ್ದೆ. ಹಗಲು ಮಾತ್ರ ಬಿಡುತ್ತಿರಲಿಲ್ಲ. ಕೋಲು ಹಿಡಿದು ಬಸ್ಸು ಹತ್ತಿದ ಕೂಡಲೇ ಕಂಡಕ್ಟರು, “ಏ, ಕೋಲಿನವ್ರಿಗೆ ಸೀಟು ಕೊಡಿ ಮಾರಾಯ್ರೆ!” ಎಂದು ಕೂಗುತ್ತಿದ್ದ. ಕಾಪುವಿನಿಂದ ಉಡುಪಿಗೆ ಕೂತೇ ಹೋಗುವ ಭಾಗ್ಯ ಅವರಿಗೆ ಎರಡು ಉದ್ದ ಕಾಲಿದ್ದಾಗ ಸಿಕ್ಕಿರಲಿಲ್ಲ.

ನಾನು ಕೋಲನ್ನು ಸೌದೆಯ ರಾಶಿಯಲ್ಲಿ ಅಡಗಿಸಿದೆ. ಅಜ್ಜಿ ಅದನ್ನು ಒಲೆಗಿಟ್ಟು ಸ್ನಾನದ ನೀರು ಕಾಯಿಸಿದಳು. ಸುದ್ದಿ ಕೇಳಿದ ಕಾಕ, ತಮ್ಮನಿಗೆ ಬರೆದು, ಬೆಳ್ಳಿ ಬಣ್ಣದ ಹಿಡಿಯ ದುಬೈ ಕೋಲು ತರಿಸಿಕೊಟ್ಟರು. ಅದನ್ನು ನೋಡಿದ ದಿನವೇ ನನಗೆ ಗೊತ್ತಾಯಿತು, ಇನ್ನು ಪಪ್ಪ ಅದನ್ನು ಸ್ವರ್ಗಕ್ಕೂ ಹಿಡಿದುಕೊಂಡು ಹೋಗುತ್ತಾರೆ.

ವರ್ಷಗಳು ಹೋದವು. ಅಕ್ಕ ಕಾರ್ಖಾನೆಯಿಂದ ಬಂದು ನಮಗೆಲ್ಲ ಮೀನು ಸಾರು ಮಾಡುತ್ತಿದ್ದಳು. ಉಪ್ಪು ನೋಡುವ ಕೆಲಸ ನನ್ನದು, ನಾನು ಎರಡೆರಡು ಸಲ ನೋಡುತ್ತಿದ್ದೆ. ಅವಳು ಉಪ್ಪಿನಕಾಯಿ ಹಾಕಿಕೊಂಡು ಗಂಜಿ ಕುಡಿಯುತ್ತಿದ್ದಳು. ಮೀನು ತಿಂದರೆ ಅವಳಿಗೆ ಮೈ ತುರಿಸುತ್ತದೆಂದು ಅಮ್ಮ ತಾನೇ ತೀರ್ಮಾನಿಸಿ ಊರಿಗೆ ಹೇಳಿದ್ದಳು. ಅಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ತುರಿಕೆಯ ಸುದ್ದಿಯಿಂದ ಎರಡು ಸಂಬಂಧ ತಪ್ಪಿಹೋದವು. “ಹುಡುಗಿಗೆ ಚರ್ಮದ ರೋಗ ಉಂಟಂತೆ ಅಲ್ವಾ?” ಎಂದು ಕೇಳಿಕೊಂಡು ಬಂದವರು ಕಾಫಿ ಕುಡಿದು ಹೋದರು. ಅಕ್ಕನಿಗೆ ಇಪ್ಪತ್ನಾಲ್ಕು ತುಂಬಿತು. ಒಂದು ಸಂಜೆ ನಾನು ತಡೆಯಲಾರದೆ, “ಸಾಕು ಅಕ್ಕ, ದೇವರಿಗೆ ಗೊತ್ತಾಗಿದೆ, ಒಂದು ತುಂಡು ತಿನ್ನು,” ಎಂದೆ.

“ದೇವರು ಕೇಳಿದ್ದಲ್ಲ, ನಾನು ಕೊಟ್ಟದ್ದು,” ಎಂದಳು. “ಕೊಟ್ಟದ್ದನ್ನು ಹೇಗೆ ವಾಪಸ್ ಕೇಳುದು?”

ಎಂಬತ್ತರ ಸುಮಾರಿಗೆ ಹೆಜಮಾಡಿಯಿಂದ ಒಂದು ಸಂಬಂಧ ಬಂತು. ಹುಡುಗ ಮೀನುಗಾರರ ಬೋಟುಗಳ ಇಂಜಿನು ರಿಪೇರಿ ಮಾಡುವವನು, ವಯಸ್ಸು ಇಪ್ಪತ್ತೊಂಬತ್ತು. ಅವನ ತಾಯಿ, “ನಮ್ಮ ಮನೆಗೆ ಬೋಟಿನವ್ರು ದಿನಾ ಬುಟ್ಟಿ ಮೀನು ಕೊಡ್ತಾರೆ. ಈ ಹುಡುಗಿ ತಿನ್ನದಿದ್ರೆ ನಮಗೆ ಒಂದು ಪಾಲು ಜಾಸ್ತಿ,” ಎಂದು ನಕ್ಕು ಒಪ್ಪಿಬಿಟ್ಟಳು.

ನಮ್ಮಲ್ಲಿ ಮದುವೆಯ ಮುಂಚಿನ ದಿನ ರೋಸ್ ಎಂಬ ಕ್ರಮ ಉಂಟು. ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ಮನೆಯವರು ಒಬ್ಬೊಬ್ಬರಾಗಿ ತಲೆಗೆ ಎಣ್ಣೆ ಮುಟ್ಟಿಸಿ, ಮುಖಕ್ಕೆ, ಕೈಗೆ ತೆಂಗಿನಹಾಲು ಹಚ್ಚುತ್ತಾರೆ. ಹೆಂಗಸರು ಸುತ್ತ ನಿಂತು ಸೋಬಾನೆಯ ಹಾಡು ಹಾಡುತ್ತಾರೆ. ಹಾಲು ಕಣ್ಣಿಗೂ ಬಾಯಿಗೂ ಇಳಿಯುವುದರಿಂದ ಮದುಮಗಳು ಎರಡನ್ನೂ ಮುಚ್ಚಿಕೊಂಡಿರಬೇಕು. ಇದನ್ನು ನೆನೆದೇ ನಾನು ಆ ದಿನವನ್ನು ಆರಿಸಿದೆ. ಅಕ್ಕ ಕಣ್ಣು ಬಿಡಲಾರಳು, ಬಾಯಿ ಬಿಡಲಾರಳು, ಹಾಡಿನ ಗದ್ದಲದಲ್ಲಿ ಬೇರೆಯವರಿಗೆ ಕೇಳಿಸದು. ಲೋಕದಲ್ಲಿ ಇದಕ್ಕಿಂತ ಸುರಕ್ಷಿತವಾದ ಪಾಪನಿವೇದನೆ ಇರಲಿಕ್ಕಿಲ್ಲ.

ನನ್ನ ಸರದಿ ಬಂತು. ಬಟ್ಟಲಿನಿಂದ ಹಾಲು ಹಚ್ಚುತ್ತಾ ಬಗ್ಗಿ ಅವಳ ಕಿವಿಗೆ ಹೇಳಿದೆ: “ಅಕ್ಕ, ಆವಾಗ ನಾನು ತೇರ್ಸ್ ಬಿಟ್ಟದ್ದು ಎರಡು ದಿನ ಅಲ್ಲ. ಮೂವತ್ತೆಂಟು.”

“ಎಷ್ಟು?” ಅಕ್ಕನ ಬಾಯಿ ತೆರೆದೇ ಬಿಟ್ಟಿತು, ಹಾಲು ಒಳಗೆ ಹೋಯಿತು.

“ಮೂವತ್ತೆಂಟು.”

“ಕೇಳುದಿಲ್ಲ, ಎಷ್ಟು?”

“ಮೂವತ್ತೆಂಟು!” ಎಂದು ನಾನು ಕಿರಿಚಿದ ಗಳಿಗೆಗೂ ಹಾಡಿನ ನುಡಿ ಮುಗಿದ ಗಳಿಗೆಗೂ ಸರಿಯಾಯಿತು. ಇಡೀ ಚಪ್ಪರಕ್ಕೆ ಕೇಳಿಸಿತು.

ಉಡುಪಿಯ ಚಿಕ್ಕಮ್ಮ ಬಟ್ಟಲು ಕೆಳಗಿಟ್ಟಳು. “ಯಾರಿಗೆ ಮೂವತ್ತೆಂಟು? ಮದುಮಗನಿಗಾ? ಇಪ್ಪತ್ತೊಂಬತ್ತು ಅಂದಿದ್ರಲ್ವಾ!”

“ಅಯ್ಯೋ ದೇವರೇ, ಒಂಬತ್ತು ವರ್ಷ ಮುಚ್ಚಿಟ್ಟಿದ್ದಾ!” ಎಂದಿತು ಇನ್ನೊಂದು ದನಿ.

“ನನಗೆ ಆವಾಗ್ಲೇ ಸಂಶಯ ಇತ್ತು, ಕೂದಲು ಅಷ್ಟು ಕಪ್ಪು ಇರ್ಲಿಕ್ಕೆ ಸಾಧ್ಯವೇ ಇಲ್ಲ,” ಎಂದರು ಬೇಲಿ ದಾಟಿ ಬಂದಿದ್ದ ದೊಡ್ಡಮ್ಮ.

ಅಮ್ಮ ಅಳಲು ಶುರು ಮಾಡಿದಳು. ಹೆಜಮಾಡಿಗೆ ಈಗಲೇ ಮನುಷ್ಯರನ್ನು ಕಳಿಸಬೇಕೆಂದು ಚಿಕ್ಕಮ್ಮನ ಗಂಡ ಪಂಚೆ ಎತ್ತಿ ಕಟ್ಟಿದರು. ಇನ್ನು ಎರಡು ನಿಮಿಷ ನಾನು ಸುಮ್ಮನಿದ್ದರೆ ಅಕ್ಕನ ಮದುವೆ ಮುರಿಯುತ್ತಿತ್ತು, ಅದೂ ನನ್ನ ತೇರ್ಸ್‌ನಿಂದ. ನಾನು ತೆಂಗಿನಹಾಲಿನ ಬಟ್ಟಲು ಹಿಡಿದುಕೊಂಡೇ ಚಪ್ಪರದ ನಡುವೆ ನಿಂತು ಎಲ್ಲ ಹೇಳಿದೆ. ಸೀಮೆ ಎಣ್ಣೆ, ನರ್ಸು, ಅಜ್ಜಿಯ ಬೆರಳು, ಎರಡು ದಿನದ ಸುಳ್ಳು, ಗಿಡ್ಡ ಕಾಲು. ನಿಲ್ಲಿಸಲು ಗೊತ್ತಾಗದೆ ಅಕ್ಕನ ಹರಕೆಯನ್ನೂ ಹೇಳಿಬಿಟ್ಟೆ. ತುರಿಕೆ ಇಲ್ಲ, ರೋಗ ಇಲ್ಲ, ಪಪ್ಪ ಕೋಲು ಬಿಡುವವರೆಗೆ ಮೀನಿಲ್ಲ ಎಂದು.

ಅಜ್ಜಿ ಮಾತ್ರ ಏನೂ ಕೇಳದೆ ಎಲ್ಲರಿಗೂ ನಗು ತೋರಿಸುತ್ತಿದ್ದಳು.

ಪಪ್ಪ ಮೆಲ್ಲಗೆ ಕೇಳಿದರು: “ಆರು ವರ್ಷ? ನನ್ನ ಕೋಲಿಗೆ?”

ಅಕ್ಕ ಹೌದೆಂದು ತಲೆ ಆಡಿಸಿದಳು. ಹಾಲು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಕಾಲು ಗಿಡ್ಡ ಆದದ್ದು ತೇರ್ಸಿಂದ ಅಲ್ಲ ಮಗಾ,” ಎಂದರು ಪಪ್ಪ ನನ್ನ ಕಡೆ ನೋಡದೆ. “ಆ ಮರಳಿನ ಚೀಲ ತುಂಬಾ ಎಳೀತಿತ್ತು. ಅಮ್ಮ ನಿದ್ರೆ ಮಾಡಿದ ಮೇಲೆ ಕೊಡೆಯ ಹಿಡಿಯಿಂದ ಅದನ್ನು ಎತ್ತಿ ಮಂಚದ ಮೇಲೆ ಇಟ್ಕೊಳ್ತಿದ್ದೆ. ಬೆಳಿಗ್ಗೆ ಡಾಕ್ಟರ್ ಬರುವ ಮೊದಲು ವಾಪಸ್ ಇಳಿಸ್ತಿದ್ದೆ.”

“ಎಷ್ಟು ದಿನ?” ಎಂದಳು ಅಮ್ಮ, ಅಳು ನಿಲ್ಲಿಸಿ.

“ಎರಡು ದಿನ,” ಎಂದರು ಪಪ್ಪ.

ಚಪ್ಪರದಲ್ಲಿ ಒಬ್ಬರಿಗೂ ನಂಬಿಕೆ ಬರಲಿಲ್ಲ. ಮೊದಲು ನಕ್ಕವರು ಕಾಕ. ಆಮೇಲೆ ಎಲ್ಲರೂ. ಆ ನಗುವಿನಲ್ಲೇ ಪಪ್ಪ ದುಬೈ ಕೋಲನ್ನು ಕಾಕನ ಕೈಗೆ ಕೊಟ್ಟು, ಅಕ್ಕನ ಕಡೆ ನಡೆದರು. ಒಂದು, ಎರಡು, ಮೂರು, ಆರು ಹೆಜ್ಜೆ. ಏಳನೆಯದು ನೆಲದ ಮೇಲೆ ಚೆಲ್ಲಿದ ತೆಂಗಿನಹಾಲಿನ ಮೇಲೆ ಬಿತ್ತು. ಕಾಲು ಜಾರಿ, ಮಣೆಯ ಪಕ್ಕದಲ್ಲೇ ಧೊಪ್ಪೆಂದು ಕೂತರು.

ಮೂಳೆಗೆ ಏನೂ ಆಗಲಿಲ್ಲ. ಆದರೆ ವಾದ ಹುಟ್ಟಿತು.

“ಆರು ಹೆಜ್ಜೆ ನಡೆದ್ರಲ್ಲ, ಹರಕೆ ಮುಗೀತು,” ಎಂದಳು ಚಿಕ್ಕಮ್ಮ. ಹಾಲು ಇಲ್ಲದಿದ್ದರೆ ಬೀಳುತ್ತಿರಲಿಲ್ಲ, ಆದ್ದರಿಂದ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದರು ಕಾಕ. ದೊಡ್ಡಮ್ಮ, “ನಮ್ಮಲ್ಲಾದ್ರೆ ಇದಕ್ಕೆ ಭಟ್ರನ್ನು ಕೇಳ್ತಿದ್ರು,” ಎಂದರು. ಎಲ್ಲರೂ ಅಕ್ಕನ ಕಡೆ ತಿರುಗಿದರು.

“ಬಿದ್ರಲ್ಲ,” ಎಂದಳು ಅಕ್ಕ. “ಬಿದ್ದದ್ದು ನಡೆದದ್ದು ಅಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿತ್ತು, ಹಾಲಿನಿಂದಲೋ ಸಿಟ್ಟಿನಿಂದಲೋ ತಿಳಿಯಲಿಲ್ಲ. ಪಕ್ಕದ ದೊಡ್ಡ ಪಾತ್ರೆ ಎತ್ತಿ, ಉಳಿದ ತೆಂಗಿನಹಾಲನ್ನೆಲ್ಲ ನನ್ನ ತಲೆಯ ಮೇಲೆ ಸುರಿದಳು. ಇದೂ ಕ್ರಮದಲ್ಲಿ ಉಂಟೆಂದುಕೊಂಡು ಹೆಂಗಸರು ಮತ್ತೆ ಹಾಡು ಶುರು ಮಾಡಿದರು. ಮರುದಿನ ಮದುವೆಯ ಊಟದಲ್ಲಿಯೂ ಅವಳು ಮೀನು ಮುಟ್ಟಲಿಲ್ಲ. ನನ್ನೊಡನೆ ಮಾತೂ ಆಡಲಿಲ್ಲ.

ಪಪ್ಪ ಅಂಗಳದಲ್ಲಿ ಅಭ್ಯಾಸಕ್ಕೆ ಇಳಿದರು. ಎಡಗಾಲಿನ ಚಪ್ಪಲಿಯ ಅಡಿಗೆ ಹಳೆಯ ಟಯರಿನ ತುಂಡು ಹೊಡೆಸಿಕೊಂಡರು. ಮೊದಲು ಬಾವಿಯವರೆಗೆ, ಆಮೇಲೆ ಕಾಕನ ಅಂಗಡಿಯವರೆಗೆ, ಆಮೇಲೆ ಇಗರ್ಜಿಯವರೆಗೆ. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ನಾವಿಬ್ಬರೂ ಹೆಜಮಾಡಿಯ ಬಸ್ಸು ಹತ್ತಿದೆವು. ಕೈಯಲ್ಲಿ ಕೋಲಿಲ್ಲ, ಆದ್ದರಿಂದ ಸೀಟೂ ಇಲ್ಲ. ಪಪ್ಪ ದಾರಿಯುದ್ದಕ್ಕೂ ಮೇಲಿನ ಸರಳು ಹಿಡಿದು ನಿಂತು, ಕೂತ ಪ್ರತಿಯೊಬ್ಬನ ಮುಖವನ್ನೂ ಶತ್ರುವನ್ನು ನೋಡುವ ಹಾಗೆ ನೋಡಿದರು.

ಬಸ್ಸಿಳಿದು ಅಕ್ಕನ ಮನೆಗೆ ಅರ್ಧ ಮೈಲಿ ಮರಳು ದಾರಿ. ಅಕ್ಕ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. ನಮ್ಮನ್ನು ದೂರದಿಂದ ಕಂಡು ಎದ್ದು ನಿಂತಳು. ಓಡಿ ಬರಲಿಲ್ಲ. ಕೈ ಎದೆಗೆ ಒತ್ತಿಕೊಂಡು, ಪಪ್ಪನ ಒಂದೊಂದು ಹೆಜ್ಜೆಯನ್ನೂ ನೋಡುತ್ತಾ, ತುಟಿ ಅಲ್ಲಾಡಿಸುತ್ತಾ ನಿಂತಳು. ಪಪ್ಪ ಒಮ್ಮೆ ಮರಳಿನಲ್ಲಿ ವಾಲಿದರು. ನಾನು ಕೈ ಚಾಚಿದೆ.

“ಮುಟ್ಬೇಡ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಪಪ್ಪ ಜಗಲಿ ಮುಟ್ಟಿದರು. ಅಕ್ಕ ಶಿಲುಬೆಯ ಗುರುತು ಹಾಕಿಕೊಂಡು, ಒಳಗೆ ಹೋಗಿ, ಬಟ್ಟಲು ಹಾಕಿಕೊಂಡು ನೆಲದ ಮೇಲೆ ಕೂತಳು. ಅತ್ತೆ ಬಂಗುಡೆ ಸಾರು ಬಡಿಸಿ ಬಾಗಿಲಲ್ಲಿ ನಿಂತಳು. ಆರು ವರ್ಷ ಬಿಟ್ಟವಳಿಗೆ ಕೈಯ ಅಭ್ಯಾಸವೇ ಹೋಗಿತ್ತು. ಮೊದಲ ತುತ್ತಿಗೇ ಮುಳ್ಳು ಗಂಟಲಿಗೆ ಸಿಕ್ಕಿತು. ಅವಳು ಕಣ್ಣು ಬಿಟ್ಟು ಕೆಮ್ಮಿದಳು. ಅತ್ತೆ ಬೆನ್ನಿಗೆ ಗುದ್ದಿದಳು. ಪಪ್ಪ ಅನ್ನದ ಉಂಡೆ ನುಂಗು ಎಂದರು. ಮೂರು ಉಂಡೆ ನುಂಗಿದ ಮೇಲೆ ಮುಳ್ಳು ಇಳಿಯಿತು.

ಉಸಿರು ಬಂದ ಮೇಲೆ ಅಕ್ಕ ನನ್ನನ್ನು ನೋಡಿದಳು. ಎರಡು ತಿಂಗಳಲ್ಲಿ ಅವಳು ನನಗೆ ಹೇಳಿದ ಮೊದಲ ಮಾತು ಇದು:

“ಅಲ್ಲಿ ಎಂತ ನಿಂತಿದ್ದೀ? ಬಾ, ಮುಳ್ಳು ಬಿಡಿಸಿ ಕೊಡು.”

ನಾನು ಅವಳ ಪಕ್ಕದಲ್ಲಿ ಮೊಣಕಾಲೂರಿ ಕೂತು, ಬಂಗುಡೆಯ ನಡುಮುಳ್ಳು ಎಳೆದು, ಬದಿಯ ಸಣ್ಣ ಮುಳ್ಳುಗಳನ್ನು ಬೆರಳಿನಿಂದ ಒಂದೊಂದಾಗಿ ತಡವಿ ತೆಗೆದು, ತುಂಡುಗಳನ್ನು ಅವಳ ಬಟ್ಟಲಿನ ಬದಿಗೆ ಇಡುತ್ತಾ ಹೋದೆ. ಅವಳು ಕಣ್ಣು ಮುಚ್ಚಿಕೊಂಡು ತಿಂದಳು. ಒಂದು ಮೀನು, ಎರಡು ಮೀನು, ಮೂರು. ನಾಲ್ಕನೆಯದರ ನಡುವೆ ಒಂದು ಕಣ್ಣು ತೆರೆದಳು.

“ನೀನು ನಡುವಿನಲ್ಲಿ ತಿಂತಾ ಇದ್ದೀಯಾ?”

“ಒಂದೇ ತುಂಡು ಅಕ್ಕ,” ಎಂದೆ.

ಐದು ತಿಂದಿದ್ದೆ.